ಊಟ ಆಯ್ತಾ ಎನ್ನಬಾರದ ಗುರುವಾರ

ಬೆಳಿಗ್ಗೆ ಹನ್ನೊಂದರೊಳಗೆ ನಾಲ್ಕು ಜನರನ್ನು ಆಪರೇಷನ್ ಇಲ್ಲವೆಂದು ಮನೆಗೆ ಅಟ್ಟಿದ ಮೇಲೆ ಡಾಕ್ಟರ್ ಸಂಜೀವಪ್ಪ ಕೈಗವಸು ಕಿತ್ತು ಬುಟ್ಟಿಗೆ ಎಸೆದರು. ಥಿಯೇಟರ್ ಬಾಗಿಲಲ್ಲೇ ನಿಂತು, ವಾರ್ಡಿನ ಉಸ್ತುವಾರಿ ನರ್ಸ್ ಪ್ರಮೋದಾಳನ್ನು ಎಲ್ಲರೆದುರು ಕರೆದರು.

"ಸಿಸ್ಟರ್, ಜಯನಗರದಿಂದ ಎರಡು ಗಂಟೆ ಟ್ರಾಫಿಕ್ಕಲ್ಲಿ ಕೂತ್ಕೊಂಡು ಬರ್ತೀನಿ ನಾನು. ಅನಸ್ತೇಶಿಯಾ ಡಾಕ್ಟ್ರನ್ನ ಬೇರೆ ಜೊತೇಲಿ ಕರ್ಕೊಂಡ್ಬರ್ತೀನಿ. ಎಂಟು ಜನ ಅಂತ ಪಟ್ಟಿ ಹಾಕ್ತೀರಿ, ನಾಲ್ಕು ಜನ ತಿನ್ಕೊಂಡು ಬಂದು ಮಲಗ್ತಾರೆ. ಯುಗಾದಿವರೆಗೂ ನೋಡ್ತೀನಿ. ಹಿಂಗೇ ಆದ್ರೆ ಈ ಗುರುವಾರ ನಿಮಗೂ ಬೇಡ, ನನಗೂ ಬೇಡ."

ಪ್ರಮೋದಾಳ ನಾಲಿಗೆ ತುದಿಗೆ ಮಾತು ಬಂತು. ನುಂಗಿಕೊಂಡಳು. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಅವಳು ಮಾತು ನುಂಗಿದ್ದು ಅಪರೂಪ. ಅವಳ ಬಾಯಿಗೆ ಹೆದರಿ ವಾರ್ಡಿನಲ್ಲಿ ಬೀಡಿ ಸೇದುವುದನ್ನು ಬಿಟ್ಟವರಿದ್ದರು. ಆದರೆ ಈ ಸಲ ಡಾಕ್ಟರ್ ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ, ಅದೇ ಅವಳಿಗೆ ಹೆಚ್ಚು ಉರಿ ತಂದದ್ದು.

ದೇವನಹಳ್ಳಿಯಿಂದ ಪಕ್ಕದ ವಿಜಯಪುರಕ್ಕೆ ಹೋಗುವ ರಸ್ತೆಯಲ್ಲಿರುವ ಆ ಟ್ರಸ್ಟ್ ಆಸ್ಪತ್ರೆಯಲ್ಲಿ ಐವತ್ತು ಹಾಸಿಗೆ. ಆಪರೇಷನ್ ಗುರುವಾರ ಮಾತ್ರ. ಹರ್ನಿಯಾ, ಮೂಲವ್ಯಾಧಿ, ಪಿತ್ತಕೋಶದ ಕಲ್ಲು ಅಂತ ಸುತ್ತಲಿನ ನಲವತ್ತು ಹಳ್ಳಿಯವರು ಬರುತ್ತಿದ್ದರು. ಗುರುವಾರ ನಿಂತರೆ ಅವರೆಲ್ಲ ಎರಡು ಬಸ್ಸು ಹತ್ತಿ ಬೆಂಗಳೂರಿಗೆ ಹೋಗಬೇಕು. ಹೋಗುವುದಿಲ್ಲ ಎಂಬುದು ಪ್ರಮೋದಾಳಿಗೆ ಗೊತ್ತಿತ್ತು. ಹೊಟ್ಟೆಗೆ ಬಟ್ಟೆ ಬಿಗಿದುಕೊಂಡು ಹಾಗೇ ಹೊಲಕ್ಕೆ ಹೋಗುತ್ತಾರೆ.

ಜೊತೆಗೆ ಅವಳ ಸ್ವಂತದ್ದೊಂದು ಸಂಕಟವಿತ್ತು. ಗುರುವಾರ ನಿಂತರೆ ಅವಳ ಎರಡು ವರ್ಷದ ಓದೂ ಅಲ್ಲಿಗೇ ನಿಲ್ಲುತ್ತಿತ್ತು.

ಆ ಓದು ಶುರುವಾದದ್ದು ಸಿಟ್ಟಿನಿಂದ. ಪ್ರಮೋದಾ ಈ ಆಸ್ಪತ್ರೆಗೆ ಸೇರಿದಾಗ ಈಗ ವಿಮಾನ ಇಳಿಯುವ ಜಾಗದಲ್ಲಿ ರಾಗಿ ಬೆಳೆಯುತ್ತಿದ್ದರು. ಏರ್‌ಪೋರ್ಟ್ ಬಂತು, ರಸ್ತೆ ಬಂತು, ಗಾಜಿನ ಕಟ್ಟಡ ಬಂತು, ಅವುಗಳ ಹಿಂದೆಯೇ ಟೈ ಕಟ್ಟಿದ ಮ್ಯಾನೇಜರುಗಳೂ ಬಂದರು. ಟ್ರಸ್ಟಿನವರು ತಮಗೂ ಒಬ್ಬನಿರಲಿ ಎಂದು ಇಪ್ಪತ್ತೆಂಟು ವರ್ಷದವನೊಬ್ಬನನ್ನು ತಂದು ಅವಳ ತಲೆಯ ಮೇಲೆ ಕೂರಿಸಿದರು. ಡ್ರಿಪ್ ಸ್ಟ್ಯಾಂಡಿಗೆ ಕೋಟು ನೇತುಹಾಕುತ್ತಿದ್ದ ಆಸಾಮಿ. ಆರು ತಿಂಗಳಲ್ಲಿ ಅವನು ಇನ್ನೂ ದೊಡ್ಡ ಆಸ್ಪತ್ರೆಗೆ ಹಾರಿದ. ಆ ಜಾಗ ನನಗೆ ಕೊಡಿ ಎಂದು ಪ್ರಮೋದಾ ನೇರವಾಗಿ ಟ್ರಸ್ಟಿನ ಕಾರ್ಯದರ್ಶಿಯನ್ನು ಕೇಳಿದಳು.

"ಮ್ಯಾನೇಜ್‌ಮೆಂಟ್ ಡಿಗ್ರಿ ಇದ್ದಿದ್ರೆ ನಿಮಗೇ ಕೊಡ್ತಿದ್ವಿ ಕಣಮ್ಮಾ," ಎಂದರು ಅವರು.

ಆ ಒಂದು ಮಾತಿಗೆ ಅವಳು ನಲವತ್ತನಾಲ್ಕನೇ ವಯಸ್ಸಿನಲ್ಲಿ ಆನ್‌ಲೈನ್ ಸ್ನಾತಕೋತ್ತರ ಪದವಿಗೆ ಸೇರಿಬಿಟ್ಟಳು. ಓದುವ ವಿಷಯ ಆರೋಗ್ಯ ಸೇವೆಯ ನಾಯಕತ್ವ. ಪ್ರತಿ ಭಾನುವಾರ ಬೆಳಿಗ್ಗೆ ಏಳಕ್ಕೆ ಕ್ಲಾಸು. ನಲ್ಲೂರಿನ ಅವಳ ಮನೆಯಲ್ಲಿ ಸಿಗ್ನಲ್ ಸಿಗುವುದು ಹುಣಸೆ ತೋಪಿನ ಕಡೆಯ ಜಗಲಿಯಲ್ಲಿ ಮಾತ್ರ. ಗಂಡ ಭಾನುಪ್ರಕಾಶ್ ಏರ್‌ಪೋರ್ಟಿನ ಸರಕು ವಿಭಾಗದಲ್ಲಿ ಕೆಲಸಕ್ಕಿದ್ದ. ಅವನ ಹಳೇ ಲ್ಯಾಪ್‌ಟಾಪನ್ನು ಒರಳುಕಲ್ಲಿನ ಮೇಲಿಟ್ಟುಕೊಂಡು ಕೂರುತ್ತಿದ್ದಳು. ಪಕ್ಕದಲ್ಲಿ ಅತ್ತೆ ಅಕ್ಕಯಮ್ಮ ಅವರೆಕಾಯಿ ಬಿಡಿಸುತ್ತಾ ಪರದೆಯನ್ನೇ ನೋಡುತ್ತಿದ್ದಳು.

"ಆವಮ್ಮ ಅಷ್ಟೊತ್ತಿಂದ ಮಾತಾಡ್ತಾವ್ಳೆ, ಒಂದು ಲೋಟ ನೀರು ಕೊಡೋರು ಯಾರೂ ಇಲ್ವಾ ಆ ಮನೇಲಿ?"

"ಅತ್ತೆ, ಅವರಿಗೆ ಕೇಳಿಸ್ತೈತೆ, ಸುಮ್ನಿರಿ!"

'ಆವಮ್ಮ' ಎಂದರೆ ಪ್ರಮೋದಾಳ ಮಾರ್ಗದರ್ಶಕಿ ಕೀರ್ತನ ಮೇಡಂ. ವಯಸ್ಸಿನಲ್ಲಿ ಪ್ರಮೋದಾಳಿಗಿಂತ ಹತ್ತು ವರ್ಷ ಚಿಕ್ಕವರು, ಹೊಸಕೋಟೆ ಕಡೆಯವರು. ನಯವಾಗಿ ಮಾತಾಡುತ್ತಲೇ ಮುಖಕ್ಕೆ ಹೊಡೆದಂತೆ ಹೇಳುವವರು. ಕೊನೆಯ ವರ್ಷದ ಪ್ರಾಜೆಕ್ಟಿಗೆ ಪ್ರಮೋದಾ ಅಲ್ಲಿ ಇಲ್ಲಿ ಹೆಕ್ಕಿ ಅರವತ್ತು ಪುಟ ತುಂಬಿಸಿ ಕಳಿಸಿದ್ದನ್ನು ಅವರು ವಾಪಸ್ಸು ಮಾಡಿದ್ದರು.

"ಪ್ರಮೋದಾ ಅವರೇ, ಇದರಲ್ಲಿ ಅಮೆರಿಕದ ಆಸ್ಪತ್ರೆ ಇದೆ, ಇಂಗ್ಲೆಂಡಿನ ಆಸ್ಪತ್ರೆ ಇದೆ. ನಿಮ್ಮದೆಲ್ಲಿ? ನಿಮ್ಮಲ್ಲಿ ಯಾವುದು ಕೆಟ್ಟಿದೆಯೋ ಅದನ್ನ ಹಿಡೀರಿ. ಎಂಟು ವಾರ ಸರಿ ಮಾಡಿ ತೋರಿಸಿ. ಏಪ್ರಿಲ್ಲಿಗೆ ಕೊನೇ ಅವಕಾಶ. ಆಮೇಲೆ ನನ್ನ ಕೈಲೂ ಇಲ್ಲ."

ಕೆಟ್ಟದ್ದು ಯಾವುದೆಂದು ಹುಡುಕುವ ಕಷ್ಟ ಇರಲಿಲ್ಲ. ಡಾಕ್ಟರ್ ಥಿಯೇಟರ್ ಬಾಗಿಲಲ್ಲೇ ಹೇಳಿದ್ದರು. ಗುರುವಾರವೇ ನಿಂತುಹೋದರೆ ಸರಿ ಮಾಡಿ ತೋರಿಸಲು ಏನೂ ಉಳಿಯುತ್ತಿರಲಿಲ್ಲ. ಪ್ರಮೋದಾ ರಿಜಿಸ್ಟರ್ ತೆಗೆದು ನೋಡಿದಳು. ಹಿಂದಿನ ಎಂಟು ಗುರುವಾರಗಳಲ್ಲಿ ಪಟ್ಟಿಯಲ್ಲಿದ್ದವರು ಅರವತ್ತನಾಲ್ಕು. ಆಪರೇಷನ್ ಆಗದೆ ಹೋದವರು ಇಪ್ಪತ್ಮೂರು.

ಕಾರಣವೂ ಅವಳಿಗೆ ಗೊತ್ತಿತ್ತು. ಜನಕ್ಕೆ ಬುದ್ಧಿ ಇಲ್ಲ. ಬರಿ ಹೊಟ್ಟೆಯಲ್ಲಿ ಬನ್ನಿ ಎಂದರೆ ತಿಂದುಕೊಂಡು ಬರುತ್ತಾರೆ. ರಾತ್ರಿ ಹತ್ತರ ಮೇಲೆ ಊಟ ಮಾಡಬಾರದು ಎಂದು ಕೆಂಪು ಅಕ್ಷರದಲ್ಲಿ ಅಚ್ಚು ಹಾಕಿಸಿ ಕಂಬಕಂಬಕ್ಕೂ ಅಂಟಿಸಿದಳು. ವಾರ್ಡಿನಲ್ಲಿ ನಿಂತು ಗಂಟಲು ಹರಿಯುವಂತೆ ಕೂಗಿ ಹೇಳಿದಳು. ಮುಂದಿನ ಗುರುವಾರ ಮೂವರು ವಾಪಸ್ಸು ಹೋದರು. ಅದರ ಮುಂದಿನ ಗುರುವಾರ ನಾಲ್ವರು.

ಅಷ್ಟರಲ್ಲಿ ಅಕ್ಕಯಮ್ಮನ ಸರದಿ ಬಂತು. ಎರಡು ವರ್ಷದಿಂದ ಹೊಕ್ಕುಳ ಹತ್ತಿರ ನಿಂಬೆಹಣ್ಣಿನ ಗಾತ್ರ ಊದಿಕೊಂಡು ಬರುತ್ತಿದ್ದ ಹರ್ನಿಯಾ. ಈ ಸಲವಾದರೂ ಸರಿಯಾಗಬೇಕೆಂದು ಪ್ರಮೋದಾ ಹಿಂದಿನ ಸಂಜೆಯೇ ಅಡಿಗೆಮನೆಗೆ ಬೀಗ ಹಾಕಿ ಕೀಲಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಬೆಳಿಗ್ಗೆ ಹಲ್ಲುಜ್ಜುವಾಗಲೂ ಪಕ್ಕದಲ್ಲೇ ನಿಂತಿದ್ದಳು. ಅತ್ತೆಯ ಬಾಯಿಗೆ ಎಲೆ ಅಡಿಕೆಯ ಚೂರೂ ಹೋಗಿಲ್ಲವೆಂದು ಅವಳು ಆಣೆ ಮಾಡಬಲ್ಲವಳಾಗಿದ್ದಳು.

ಆಸ್ಪತ್ರೆಗೆ ಬಂದ ಮೇಲೆ ಇನ್ನೊಬ್ಬ ರೋಗಿಗೆ ಉಸಿರು ಕಟ್ಟಿತೆಂದು ಪ್ರಮೋದಾ ವಾರ್ಡಿಗೆ ಓಡಬೇಕಾಯಿತು. ಥಿಯೇಟರ್ ಬಾಗಿಲಲ್ಲಿ ಇದ್ದವಳು ಕಿರಿಯ ನರ್ಸ್ ಅಕ್ಷತ. ಅವಳು ಕೈಯಲ್ಲಿ ಹಾಳೆ ಹಿಡಿದು, ಎಂದಿನ ಹಾಗೆ ನಗುತ್ತಾ ಕೇಳಿದಳು.

"ಅಜ್ಜೀ, ಊಟ ಆಯ್ತಾ?"

"ಆಯ್ತು ಕಣವ್ವಾ," ಎಂದಳು ಅಕ್ಕಯಮ್ಮ. "ನಿಮ್ದಾಯ್ತಾ?"

ಅಕ್ಷತಳ ನಗು ನಿಂತಿತು. ಒಳಗಿದ್ದ ಅನಸ್ತೇಶಿಯಾ ಡಾಕ್ಟರ್ ಹೊರಗೆ ಬಂದರು. "ಏನ್ ತಿಂದ್ರಿ ಅಜ್ಜಿ?"

"ಇನ್ನೇನು ತಿಂತೀವಿ ನಮ್ಮಂತೋರು? ಹಿಟ್ಟು, ಅವರೆಕಾಳು ಸಾರು."

ಅಲ್ಲಿಗೆ ಮುಗಿಯಿತು. ರೋಗಿಯ ಬಾಯಲ್ಲೇ ತಿಂದೆ ಎಂದು ಬಂದ ಮೇಲೆ ಯಾವ ಡಾಕ್ಟರ್ ತಾನೇ ಅರಿವಳಿಕೆ ಕೊಟ್ಟಾರು? ಪ್ರಮೋದಾ ಓಡಿ ಬರುವಷ್ಟರಲ್ಲಿ ಸಂಜೀವಪ್ಪ ಪಟ್ಟಿಯಲ್ಲಿ ಅಕ್ಕಯಮ್ಮನ ಹೆಸರಿಗೆ ಗೀಟು ಎಳೆದಾಗಿತ್ತು.

"ಸಿಸ್ಟರ್, ನಿಮ್ಮತ್ತೇನೂ ತಿನ್ಕೊಂಡೇ ಬಂದವ್ರಲ್ಲಾ! ಇನ್ನು ಊರೋರಿಗೆ ಏನ್ ಹೇಳ್ತೀರಿ?"

ವಾರ್ಡ್ ಆಯಾ ಗಂಗಲಕ್ಷ್ಮಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕದ್ದು ಪ್ರಮೋದಾಳಿಗೆ ಕಂಡಿತು. ಮುಖವೆಲ್ಲ ಕೆಂಡವಾಯಿತು. ಅತ್ತೆಯ ರಟ್ಟೆ ಹಿಡಿದು ಆಸ್ಪತ್ರೆಯ ಹಿಂದಿನ ಬೇವಿನ ಮರದ ಕೆಳಗೆ ಕರೆತಂದಳು.

"ಯಾಕೆ ಸುಳ್ಳು ಹೇಳಿದ್ರಿ? ನಾನು ಅಡಿಗೆಮನೆಗೆ ಬೀಗ ಹಾಕಿದ್ದೆ. ಅದ್ಯಾವ ಹಿಟ್ಟು, ಅದ್ಯಾವ ಸಾರು? ನನ್ನ ಮಾನ ಕಳೀಬೇಕು ಅಂತಾನೇ ಬಂದ್ರಾ?"

ಅಕ್ಕಯಮ್ಮನಿಗೂ ಸಿಟ್ಟು ಬಂತು. ಹಸಿವೂ ಆಗಿತ್ತು.

"ನಿನ್ನ ಮಾನ ಉಳಿಸಕ್ಕೇ ಅಲ್ವೇನೇ ನಾನು ಹಂಗಂದಿದ್ದು! ಊಟ ಆಯ್ತಾ ಅಂತ ಕೇಳಿದ್ರೆ ಯಾರಾನಾ ಇಲ್ಲ ಅಂತಾರಾ? ಅದೂ ನೀನು ಕೆಲಸ ಮಾಡೋ ಜಾಗದಾಗೆ! ಇಲ್ಲ ಅಂದ್ರೆ, ಪ್ರಮೋದಮ್ಮ ಅತ್ತೆಗೆ ಹಿಟ್ಟು ಹಾಕ್ದೆ ಕರ್ಕೊಂಡ್ಬಂದವ್ಳೆ ಅನ್ನಲ್ವಾ ನಾಳೆ?"

"ಅವರು ಆಪರೇಷನ್‌ಗೆ ಕೇಳಿದ್ದು ಅತ್ತೆ!"

"ಆಪರೇಷನ್‌ಗೆ ಕೇಳೋದಾದ್ರೆ ಆಪರೇಷನ್‌ಗೆ ಅಂತ ಕೇಳ್ಬೇಕು. ಊಟ ಆಯ್ತಾ ಅಂದ್ಲು, ಆಯ್ತು ಅಂದೆ. ಮಾತಾಡ್ಸಿದೋರಿಗೆ ಮರ್ಯಾದೆ ಕೊಡ್ಬಾರ್ದಾ?"

ಪ್ರಮೋದಾ ಹಿಡಿದಿದ್ದ ಅತ್ತೆಯ ರಟ್ಟೆಯನ್ನು ಬಿಟ್ಟಳು. ಅತ್ತೆ ಹೇಳಿದ್ದು ನಿಜ. ಈ ಸೀಮೆಯಲ್ಲಿ ದಾರಿಯಲ್ಲಿ ಎದುರಾದವರನ್ನು ಊಟ ಆಯ್ತಾ ಎಂದು ಕೇಳುತ್ತಾರೆ, ಅದಕ್ಕೆ ಆಯ್ತು ಎನ್ನುತ್ತಾರೆ. ಆಗಿರಲಿ ಬಿಡಲಿ. ಯಾರೂ ಅದನ್ನು ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ. ಅವಳೇ ದಿನಕ್ಕೆ ಐವತ್ತು ಸಲ ಹೇಳುತ್ತಾಳೆ. ಇಪ್ಪತ್ತೆರಡು ವರ್ಷದಿಂದ ಅವಳ ಆಸ್ಪತ್ರೆ ರೋಗಿಯನ್ನು ಮಾತಾಡಿಸುವ ಮಾತಲ್ಲೇ ರೋಗಿಯ ಪರೀಕ್ಷೆಯನ್ನೂ ಮಾಡುತ್ತಿತ್ತು.

ಬುದ್ಧಿ ಇಲ್ಲದವರು ಜನರಲ್ಲ, ತಾವೇ ಎಂದು ಅವಳಿಗೆ ಹೊಳೆಯಿತು. ಹೊಳೆದದ್ದು ಹಿತವಾಗಿಯೇನೂ ಇರಲಿಲ್ಲ.

ಅತ್ತೆಗೆ ಕ್ಯಾಂಟೀನಿನಲ್ಲಿ ಎರಡು ಇಡ್ಲಿ ತಿನ್ನಿಸಿ ಆಟೋ ಹತ್ತಿಸಿದವಳೇ ರಿಜಿಸ್ಟರ್ ಹಿಡಿದು ಕೂತಳು. ವಾಪಸ್ಸು ಹೋಗಿದ್ದ ಇಪ್ಪತ್ಮೂರು ಜನಕ್ಕೂ ಒಬ್ಬೊಬ್ಬರಾಗಿ ಫೋನ್ ಮಾಡಿದಳು. ಕೂಗಾಡಲಿಲ್ಲ. ಅದೇ ಒಂದು ಸಾಹಸ. ಆರು ಜನಕ್ಕೆ ಬಿ.ಪಿ., ಜ್ವರ ಇತ್ಯಾದಿ ಬೇರೆ ಕಾರಣವಿತ್ತು. ಉಳಿದ ಹದಿನೇಳರಲ್ಲಿ ಒಂಬತ್ತು ಜನ ಏನೂ ತಿನ್ನದೆ ಬಂದು, ಮರ್ಯಾದೆಗೆ ಆಯ್ತು ಎಂದಿದ್ದರು. ಇನ್ನು ಎಂಟು ಜನ ಇದಕ್ಕೆ ಉಲ್ಟಾ. ಚೆನ್ನಾಗಿ ತಿಂದು ಬಂದು ಇಲ್ಲ ಎಂದಿದ್ದರು. ಥಿಯೇಟರ್ ಒಳಗೆ ಹೋದ ಮೇಲೆ ಬಾಯಿ ಬಿಟ್ಟಿದ್ದರು.

"ಊಟ ಮಾಡಿರ್ಲಿಲ್ಲ ಸಿಸ್ಟರ್, ನಿಜ," ಎಂದ ಆವತಿ ಕಡೆಯ ಒಬ್ಬಾತ. "ಬರೀ ಚಿತ್ರಾನ್ನ ತಿಂದಿದ್ದೆ. ತಿಂಡಿ ಅಲ್ವಾ ಅದು?"

ಇನ್ನೊಬ್ಬ ಹೆಂಗಸು ಬಾಳೆಹಣ್ಣು ತಿಂದಿದ್ದಳು. ಮತ್ತೊಬ್ಬಾಕೆ ದೇವರ ಪ್ರಸಾದವೆಂದು ಒಂದು ಬೊಗಸೆ ಪೊಂಗಲ್. "ಪ್ರಸಾದ ಊಟಕ್ಕೆ ಸೇರ್ತದಾ ತಾಯಿ?" ಎಂದು ಅವಳನ್ನೇ ಕೇಳಿದಳು.

ಭಾನುವಾರದ ಕ್ಲಾಸಿನಲ್ಲಿ ಪ್ರಮೋದಾ ಇದನ್ನೆಲ್ಲ ಹೇಳಿದಾಗ ಕೀರ್ತನ ಮೇಡಂ ಎಲ್ಲವನ್ನೂ ಬರೆದುಕೊಂಡರು. ಆಮೇಲೆ, "ನಿಮ್ಮ ಅರವತ್ತು ಪುಟ ಎಸೀರಿ. ಇದನ್ನ ಬರೀರಿ," ಎಂದರು.

ಸಂಕ್ರಾಂತಿ ಕಳೆದ ಮೇಲಿನ ಗುರುವಾರದಿಂದ ಹೊಸ ಕಾಯಿದೆ ಬಂತು. ಪ್ರತಿ ಗುರುವಾರ ಮಧ್ಯಾಹ್ನದವರೆಗೆ ಆಸ್ಪತ್ರೆಯ ಗೇಟಿನೊಳಗೆ ಯಾರೂ ಯಾರಿಗೂ ಊಟ ಆಯ್ತಾ ಎನ್ನಬಾರದು. ಕೆಂಪಕ್ಷರದ ಹಾಳೆಗಳನ್ನೆಲ್ಲ ಪ್ರಮೋದಾ ತನ್ನ ಕೈಯಿಂದಲೇ ಕಿತ್ತಳು. ಪಟ್ಟಿಯಲ್ಲಿದ್ದವರ ಮನೆಗೆ ಬುಧವಾರ ಸಂಜೆ ಫೋನ್ ಹೋಗುತ್ತಿತ್ತು: ಇಂಥ ಹೊತ್ತಿನ ಮೇಲೆ ಹಿಟ್ಟಿಲ್ಲ, ಅನ್ನವಿಲ್ಲ, ತಿಂಡಿಯಿಲ್ಲ, ಕಾಫಿ ಟೀ ಇಲ್ಲ, ಹಣ್ಣಿಲ್ಲ, ಎಲೆ ಅಡಿಕೆಯಿಲ್ಲ, ಪ್ರಸಾದವಿದ್ದರೆ ಕಣ್ಣಿಗೊತ್ತಿಕೊಂಡು ಎತ್ತಿಡಿ. ಥಿಯೇಟರ್ ಬಾಗಿಲಲ್ಲಿ ಕೇಳುವ ಪ್ರಶ್ನೆಯನ್ನೂ ಅವಳೇ ಕಟ್ಟಿದಳು: "ಬೆಳಿಗ್ಗೆ ಎದ್ದು ಏನ್ ಕುಡುದ್ರಿ, ಕಾಫಿನಾ ಟೀನಾ?" ಕುಡಿದವನು ಟೀ ಎಂದುಬಿಡುತ್ತಾನೆ. ಕುಡಿಯದವನು, ನೀವೇ ಬೇಡ ಅಂದಿದ್ರಲ್ಲ ಎಂದು ಜಗಳಕ್ಕೇ ಬರುತ್ತಾನೆ. ಮರ್ಯಾದೆಗೆ ಹೇಳಲು ಅಲ್ಲಿ ಏನೂ ಉಳಿಯುವುದಿಲ್ಲ.

"ಅದರ ಬದಲು ಇವತ್ತು ಒಪ್ಪತ್ತಾ ಅಂತ ಕೇಳಿದ್ರೆ ಚೆನ್ನಾಗಿರಲ್ವಾ ಅಕ್ಕಾ?" ಎಂದಳು ಅಕ್ಷತ.

"ಒಪ್ಪತ್ತು ಅಂದ್ರೆ ಉಪ್ಪಿಟ್ಟು ತಿನ್ಕೊಂಡು ಬರ್ತಾರೆ ಕಣೇ, ದೇವ್ರು ಮೆಚ್ಚೋ ಹಂಗೆ! ಬರೆದಿರೋದನ್ನ ಕೇಳು."

ನರ್ಸುಗಳು ಒಂದೆರಡು ವಾರದಲ್ಲಿ ಹಾದಿಗೆ ಬಂದರು. ಬಾರದವನು ಗೇಟಿನ ಕಾವಲುಗಾರ ಲಕ್ಷ್ಮಯ್ಯ. ಮೂವತ್ತು ವರ್ಷದಿಂದ ಒಳಗೆ ಬರುವ ಪ್ರತಿಯೊಬ್ಬರನ್ನೂ ಊಟ ಆಯ್ತಾ ಎಂದೇ ಮಾತಾಡಿಸಿದ ಪ್ರಾಣಿ. ಅವನು ಗೇಟಲ್ಲಿ ಕೇಳಿದರೆ ಜನ ಅಲ್ಲೇ ಆಯ್ತು ಎಂದು ಶುರುಮಾಡಿ, ಒಳಗೂ ಅದನ್ನೇ ಮುಂದುವರಿಸುತ್ತಿದ್ದರು.

"ಹಂಗಾದ್ರೆ ಬಂದೋರನ್ನ ಏನಂತ ಮಾತಾಡ್ಸ್ಲಿ ಸಿಸ್ಟರ್? ಮೂಗಬಸವ ಕೂತಂಗೆ ಕೂತ್ಕೊಳ್ಳಾ?"

"ಮಳೆ ಬೆಳೆ ಕೇಳು."

"ಫೆಬ್ರವರೀಲಿ ಯಾರ ಹೊಲಕ್ಕೆ ಮಳೆ ಬರ್ತದೆ?"

"ಯಾವ ಬಸ್ಸಿಗೆ ಬಂದ್ರಿ ಅನ್ನು. ಇನ್ನೊಂದು ಸಲ ಊಟ ಅಂದ್ರೆ ನಿನ್ನನ್ನೇ ಕರ್ಕೊಂಡೋಗಿ ಟೇಬಲ್ ಮೇಲೆ ಮಲಗಿಸ್ತೀನಿ ನೋಡು!"

ಅಂದಿನಿಂದ ಲಕ್ಷ್ಮಯ್ಯ ಕಾರಿನಲ್ಲಿ ಬಂದ ಟ್ರಸ್ಟ್ ಅಧ್ಯಕ್ಷರನ್ನೂ ಯಾವ ಬಸ್ಸಿಗೆ ಬಂದ್ರಿ ಸ್ವಾಮಿ ಎಂದು ಕೇಳತೊಡಗಿದ.

ಮೊದಲ ಗುರುವಾರ ಎಂಟರಲ್ಲಿ ಎಂಟೂ ಆಪರೇಷನ್ ಆದವು. ಅದರಲ್ಲಿ ಅಕ್ಕಯಮ್ಮನದೂ ಒಂದು. ಕಾಫಿನಾ ಟೀನಾ ಎಂದದ್ದಕ್ಕೆ ಅವಳು, "ನನ್ನ ಸೊಸೆ ಬೀಗ ಹಾಕವ್ಳೆ, ಎಲ್ಲಿಂದ ಕುಡೀಲಿ?" ಎಂದು ಥಿಯೇಟರಿಗೆಲ್ಲ ಕೇಳುವಂತೆ ಹೇಳಿ ಒಳಗೆ ಹೋದಳು. ಎರಡನೇ ವಾರ ಒಬ್ಬನಿಗೆ ಜ್ವರ ಬಂದು ತಪ್ಪಿತು, ಮೂರನೇ ವಾರ ಯಾರೂ ಇಲ್ಲ, ನಾಲ್ಕನೇ ವಾರ ಬಿ.ಪಿ. ಏರಿದ್ದ ಒಬ್ಬಾಕೆ. ಊಟದ ಕಾರಣಕ್ಕೆ ಒಬ್ಬರೂ ವಾಪಸ್ಸಾಗಲಿಲ್ಲ. ಸಂಜೀವಪ್ಪ ಮುಂದಿನ ವಾರದ ಪಟ್ಟಿಯನ್ನು ತಾವೇ ಕೇಳಿ ನೋಡಿದರು. ಯುಗಾದಿಯ ಮಾತನ್ನು ಮತ್ತೆ ಎತ್ತಲಿಲ್ಲ.

ಐದನೇ ವಾರ ನೆಲಮಂಗಲದಲ್ಲಿ ಪ್ರಮೋದಾಳ ಅಣ್ಣನ ಗೃಹಪ್ರವೇಶ. ತವರಿಗೆ ಹೋಗದಿದ್ದರೆ ಆಗುತ್ತದೆಯೇ? ಹೋದಳು. ಅಕ್ಷತ ಅಂದೇ ಹುಷಾರಿಲ್ಲದೆ ರಜಾ ಹಾಕಿದಳು. ಥಿಯೇಟರ್ ಬಾಗಿಲಿಗೆ ಹೆರಿಗೆ ವಾರ್ಡಿನಿಂದ ಬದಲಿ ನರ್ಸ್ ಬಂದು ನಿಂತಳು. ಹೊಸ ಪ್ರಶ್ನೆ ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅಭ್ಯಾಸಬಲದಿಂದ ಒಬ್ಬೊಬ್ಬರನ್ನೂ ಊಟ ಆಯ್ತಾ ಎಂದು ಕೇಳಿದಳು. ಒಂದೇ ದಿನ ನಾಲ್ಕು ಜನ ವಾಪಸ್ಸು.

ಪ್ರಮೋದಾ ಮರುದಿನ ಬಂದು ರಿಜಿಸ್ಟರ್ ನೋಡಿ ಕುರ್ಚಿ ಒದ್ದಳು. ಪ್ರಾಜೆಕ್ಟಿನ ನಡುವೆ ದೊಡ್ಡ ತೂತು ಬಿದ್ದಿತ್ತು. ಆ ವಾರವನ್ನೇ ಬಿಟ್ಟು ಮುಂದೆ ಇನ್ನೊಂದು ಗುರುವಾರ ಸೇರಿಸಿಕೊಂಡರೆ ಯಾರಿಗೆ ಗೊತ್ತಾಗುತ್ತದೆ ಎಂದು ಒಂದು ದಿನವಿಡೀ ಯೋಚಿಸಿದಳು. ಆಮೇಲೆ ತನ್ನ ಮೇಲೇ ಸಿಟ್ಟು ಬಂತು. ವಾಪಸ್ಸು ಹೋದ ನಾಲ್ಕು ಜನವೇನು ಇಲ್ಲದವರೇ? ಅವರು ಬಂದದ್ದೂ ನಿಜ, ಹೋದದ್ದೂ ನಿಜ. ಇದ್ದದ್ದನ್ನು ಇದ್ದಂತೆ ಬರೆದಳು. ತನ್ನ ಗೃಹಪ್ರವೇಶದ ರಜಾ ಸಮೇತ.

ಏಪ್ರಿಲ್ ಎರಡನೇ ಭಾನುವಾರ ಜಗಲಿಯಲ್ಲಿ ಮೌಖಿಕ ಪರೀಕ್ಷೆ. ಪರದೆಯಲ್ಲಿ ಕೀರ್ತನ ಮೇಡಂ ಜೊತೆ ಉತ್ತರ ಭಾರತದ ಕಡೆಯ ಪರೀಕ್ಷಕರೊಬ್ಬರು, ಬಿಳಿ ಮೀಸೆಯವರು. ಕನ್ನಡ ಬಾರದು. ಪ್ರಮೋದಾ ಇಂಗ್ಲಿಷಿನಲ್ಲೇ ಬಾಯಿಪಾಠ ಮಾಡಿಕೊಂಡಿದ್ದಳು. ನಾಲ್ಕು ವಾಕ್ಯ ಸರಾಗವಾಗಿ ಹೋಯಿತು. ಪರೀಕ್ಷಕರು ನಡುವೆ ತಡೆದು, ಕೇಳುವ ಪ್ರಶ್ನೆ ಬದಲಾದದ್ದರಿಂದಲೇ ವಾಪಸ್ಸು ಹೋಗುವವರು ಕಡಿಮೆಯಾದರೆಂದು ಹೇಗೆ ಹೇಳುತ್ತೀರಿ, ಸಂಜೆಯ ಫೋನಿನಿಂದಲೂ ಆಗಿರಬಹುದಲ್ಲ ಎಂದರು. ಬಾಯಿಪಾಠದಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಅದನ್ನು ಅಲ್ಲೇ ಇಂಗ್ಲಿಷಿನಲ್ಲಿ ಕಟ್ಟಿ ಹೇಳುವಷ್ಟು ಅವಳಿಗೆ ಬರುತ್ತಿರಲಿಲ್ಲ. ತಲೆಯ ಮೇಲೆ ವಿಮಾನವೊಂದು ಮೊರೆಯುತ್ತಾ ಹೋಯಿತು. ಅದು ದಾಟುವಷ್ಟರಲ್ಲಿ ಅವಳಿಗೆ ತನ್ನ ಮಾಮೂಲಿ ಸಿಟ್ಟು ವಾಪಸ್ಸು ಬಂತು.

"ಮೇಡಂ, ನಾನು ಕನ್ನಡದಲ್ಲಿ ಹೇಳ್ತೀನಿ. ನೀವು ಅವರಿಗೆ ಹೇಳಿ. ಒಂದಕ್ಷರ ಬಿಡಬೇಡಿ."

ಕೀರ್ತನ ಮೇಡಂ ತಲೆಯಾಡಿಸಿದರು.

"ಐದನೇ ವಾರ ನೋಡೋಕೆ ಹೇಳಿ. ಆ ಬುಧವಾರಾನೂ ಎಲ್ಲರಿಗೂ ಫೋನ್ ಹೋಗಿತ್ತು, ನಾನೇ ಮಾಡಿದ್ದೆ. ಆಮೇಲೇ ಊರಿಗೆ ಹೋಗಿದ್ದು. ಅದೇ ಆಸ್ಪತ್ರೆ, ಅದೇ ಡಾಕ್ಟ್ರು, ಅದೇ ಊರ ಜನ. ಬದಲಾಗಿದ್ದು ಬಾಗಿಲಲ್ಲಿ ಕೇಳಿದ ಮಾತೊಂದೇ. ನಾಲ್ಕು ಜನ ವಾಪಸ್ಸು ಹೋದ್ರು. ಆ ನಾಲ್ಕೂ ಜನಕ್ಕೆ ನಾನು ಫೋನ್ ಮಾಡಿ ಕೇಳಿದೀನಿ. ನಾಲ್ಕೂ ಜನ ಬರಿ ಹೊಟ್ಟೇಲಿದ್ರು. ಮಾತಾಡ್ಸಿದೋಳಿಗೆ ಮರ್ಯಾದೆ ಕೊಟ್ಟು ಆಯ್ತು ಅಂದ್ರು. ಮುಂದಿನ ವಾರ ನಮ್ಮ ಮಾತು ಬಾಗಿಲಿಗೆ ವಾಪಸ್ಸು ಬಂತು. ಒಬ್ಬರೂ ಹೋಗ್ಲಿಲ್ಲ."

ಹೇಳಿ ಮುಗಿಸುವ ಹೊತ್ತಿಗೆ ಅವಳಿಗೇ ಅರಿವಾಯಿತು. ತೂತು ಎಂದುಕೊಂಡದ್ದೇ ಇಡೀ ಪ್ರಾಜೆಕ್ಟನ್ನು ಎತ್ತಿ ಹಿಡಿದ ಕಂಬವಾಗಿತ್ತು.

ಕೀರ್ತನ ಮೇಡಂ ಇಂಗ್ಲಿಷಿನಲ್ಲಿ ಹೇಳಿದರು. ಒಂದಕ್ಷರ ಬಿಡಲಿಲ್ಲ. ಪರೀಕ್ಷಕರು ಹಾಳೆ ತಿರುವಿದರು, ಮತ್ತೆ ಹಿಂದಕ್ಕೆ ತಿರುವಿದರು. ಆ ವಾರವನ್ನು ಕೈಬಿಡಬಹುದಾಗಿತ್ತಲ್ಲ, ಯಾಕೆ ಬಿಡಲಿಲ್ಲ ಎಂದು ಕೇಳಿದರು. ಇದು ಪ್ರಮೋದಾಳಿಗೆ ಅರ್ಥವಾಯಿತು, ಉತ್ತರವೂ ಇಂಗ್ಲಿಷಿನಲ್ಲೇ ಬಂತು.

"ದೇ ಕೇಮ್, ಸರ್. ಹೌ ಟು ಸೇ ದೇ ಡಿಡ್ ನಾಟ್ ಕಮ್?"

ಬಿಳಿ ಮೀಸೆ ಅರಳಿತು. ಇಷ್ಟು ವರ್ಷದಲ್ಲಿ ತಾವು ನೋಡಿದ ಪ್ರಾಜೆಕ್ಟುಗಳಲ್ಲಿ ತಮ್ಮ ಸೋಲನ್ನು ಹೀಗೆ ಎದುರಿಗಿಟ್ಟು ಗೆದ್ದವರು ಕಡಿಮೆ ಎಂದರು. ಕೀರ್ತನ ಮೇಡಂ ಅದನ್ನೂ ಒಂದಕ್ಷರ ಬಿಡದೆ ಕನ್ನಡದಲ್ಲಿ ಹೇಳಿದರು.

ಫಲಿತಾಂಶ ಮೇ ತಿಂಗಳಲ್ಲಿ ಬಂತು, ಪ್ರಥಮ ದರ್ಜೆ. ಭಾನುಪ್ರಕಾಶ್ ಮೊಬೈಲಿನಲ್ಲಿ ಅದನ್ನು ಮೂರು ಸಲ ಓದಿಸಿಕೊಂಡು, ಡ್ಯೂಟಿಗೆ ತಡವಾಗಿ ಹೋದ. ಅಕ್ಕಯಮ್ಮ ಊರೆಲ್ಲ ಸುತ್ತಿ, ನನ್ನ ಹೊಟ್ಟೆ ಕುಯ್ಸಿ ಪಾಸಾದಳು ಎಂದು ಹೇಳಿಕೊಂಡು ಬಂದಳು. ಅದೇ ವಾರ ಕಾರ್ಯದರ್ಶಿ ಪ್ರಮೋದಾಳನ್ನು ಕರೆದು, ಡಿಗ್ರಿಯ ಪ್ರತಿಯನ್ನು ನೋಡದೆಯೇ, ಖಾಲಿ ಬಿದ್ದಿದ್ದ ಮ್ಯಾನೇಜರ್ ಜಾಗಕ್ಕೆ ಅವಳನ್ನು ನೇಮಿಸುವ ಆದೇಶಕ್ಕೆ ಸಹಿ ಹಾಕಿದರು.

ಹೊಸ ಕೋಣೆಯಲ್ಲಿ ಅವಳು ಕೂತ ಮೊದಲ ಗುರುವಾರ ಡಾಕ್ಟರ್ ಸಂಜೀವಪ್ಪ ಬಾಗಿಲು ತಟ್ಟಿ ಒಳಗೆ ಬಂದರು. ತಟ್ಟಿದ್ದು ಅದೇ ಮೊದಲು.

"ಮೇಡಂ, ಸೋಮವಾರಾನೂ ಬರೋಣ ಅಂತಿದೀನಿ. ಪಟ್ಟಿ ಉದ್ದ ಆಗ್ತಿದೆ. ಏನಂತೀರಿ?"

"ಬನ್ನಿ ಸಾರ್, ಬೇಡ ಅಂತೀನಾ? ಆದ್ರೆ ಒಂದು ಮಾತು. ಮೊದಲ ಕೇಸು ಎಂಟು ಗಂಟೆಗೆ."

"ಎಂಟಕ್ಕಾ? ಹೆಬ್ಬಾಳದ ಟ್ರಾಫಿಕ್ ಗೊತ್ತಲ್ಲಮ್ಮಾ ನಿಮಗೆ! ಹತ್ತಾಗುತ್ತೆ."

"ಆರಕ್ಕೆ ಮನೆ ಬಿಡಿ, ಹತ್ತಾಗಲ್ಲ. ನನ್ನ ಜನ ರಾತ್ರಿಯಿಂದ ಹಸ್ಕೊಂಡು ಕೂತಿರ್ತಾರೆ. ನೀವು ದಾರೀಲಿ ಇಡ್ಲಿ ವಡೆ ತಿನ್ಕೊಂಡು ಹತ್ತಕ್ಕೆ ಬರೋದು ನನ್ನ ಪಟ್ಟೀಲಿ ನಡಿಯಲ್ಲ."

ಸಂಜೀವಪ್ಪ ಅವಳನ್ನು ನೋಡಿದರು. ಏನೋ ಹೇಳಲು ಹೋಗಿ ನುಂಗಿಕೊಂಡರು.

ಸೋಮವಾರ ಏಳೂ ಐವತ್ತಕ್ಕೆ ಅವರ ಕಾರು ಗೇಟಿನೊಳಗೆ ಬಂತು. ಪಟ್ಟಿಯಲ್ಲಿ ಹನ್ನೊಂದು ಹೆಸರಿತ್ತು. ಮಧ್ಯಾಹ್ನ ಎರಡರೊಳಗೆ ಹನ್ನೊಂದೂ ಮುಗಿದವು.